ವಸೂಲಿಯಿಂದ ಅಹವಾಲಿನವರೆಗೆ: ಬಳ್ಳಾರಿಯ ಪಶ್ಚಿಮ ತಾಲೂಕುಗಳಲ್ಲಿ ಕಲೆಕ್ಟರ್ ಪದದ ಚರಿತ್ರೆ

ಇಂದಿನ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ತಾಲೂಕುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ತುಂಗಭದ್ರೆಯ ಬಲದಂಡೆಯಿಂದ ಚಿತ್ರದುರ್ಗ, ದಾವಣಗೆರೆಗಳ ಗಡಿಯವರೆಗೆ ಹಬ್ಬಿದ, ಎರೆ ಮತ್ತು ಮಸಾರಿ ಮಣ್ಣುಗಳು ಬೆರೆತ, ಮಳೆಯನ್ನೇ ನಂಬಿ ಜೋಳ, ನವಣೆ, ಸಜ್ಜೆ ಬೆಳೆದುಕೊಂಡು ಬಂದ ಈ ಸೀಮೆಯಲ್ಲಿ ಕಳೆದ ಎರಡು ಶತಮಾನಗಳಿಗೂ ಮೀರಿದ ಅವಧಿಯಲ್ಲಿ ಅಧಿಕಾರಕ್ಕೆ ಪರ್ಯಾಯವಾಗಿ ನಿಂತ ಪದವೊಂದಿದ್ದರೆ ಅದು ಕಲೆಕ್ಟರ್. ಮೂಲದಲ್ಲಿ ಹಣ ಕೂಡಿಸುವವನು ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲದ ಈ ಇಂಗ್ಲಿಷ್ ಪದವು ದಂಡಾಧಿಕಾರಿ, ಬರಗಾಲದ ಪೋಷಕ, ಭೂಸ್ವಾಧೀನಾಧಿಕಾರಿ, ಕೊನೆಗೆ ಅಹವಾಲು ಕೇಳುವ ಜಿಲ್ಲಾಧಿಕಾರಿ ಎಂಬ ಅರ್ಥಗಳನ್ನು ಒಂದರ ಮೇಲೊಂದು ಹೊತ್ತುಕೊಂಡದ್ದು ಹೇಗೆ ಎಂಬುದನ್ನು ಈ ಐದು ತಾಲೂಕುಗಳ ಚರಿತ್ರೆಯ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಅರ್ಥಗಳನ್ನು ಸರಕಾರದ ಕಾಯಿದೆಗಳು ಬರೆದವು ಎಂಬುದು ನಿಜ. ಆದರೆ ಕಾಯಿದೆಗಳನ್ನು ಬರೆಯಿಸಿದ್ದು ಬಹುಮಟ್ಟಿಗೆ ಬರಗಾಲ, ಬಾಕಿ ಉಳಿದ ಕಂದಾಯ ಮತ್ತು ಕಚೇರಿಯ ಮುಂದೆ ಬಂದು ನಿಂತ ರೈತರೇ.

ಕಲೆಕ್ಟರನಿಗಿಂತ ಮೊದಲು

ಕಂದಾಯವನ್ನೂ ಸುಂಕವನ್ನೂ ಎತ್ತುವ ಅಧಿಕಾರಿಗಳು ಈ ನೆಲಕ್ಕೆ ಹೊಸಬರಾಗಿರಲಿಲ್ಲ. ಕೊಟ್ಟೂರಿಗೆ ಹತ್ತಿರದ ಕೋಗಳಿಯು ಶಾಸನಗಳಲ್ಲಿ ಕೋಗಳಿ-500 ಎಂಬ ಆಡಳಿತ ವಿಭಾಗದ ಕೇಂದ್ರವಾಗಿ ಕಾಣಿಸಿಕೊಳ್ಳುತ್ತದೆ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳು ಕಲ್ಯಾಣ ಚಾಲುಕ್ಯರ ಕಾಲದ ದಾನ, ತೆರಿಗೆ ಮತ್ತು ಸ್ಥಳೀಯ ಅಧಿಕಾರದ ವ್ಯವಸ್ಥೆಗೆ ಸಾಕ್ಷಿಯಾಗಿವೆ. ಆ ಯುಗದ ಕನ್ನಡದಲ್ಲಿ ಆಡಳಿತದ ಮೇಲ್ವಿಚಾರಕನಿಗೆ ಪೆರ್ಗಡೆಯೆಂದೂ, ಸುಂಕದ ಹೊಣೆ ಹೊತ್ತವನಿಗೆ ಸುಂಕವೆರ್ಗಡೆಯೆಂದೂ, ಊರಿನ ಮುಖಂಡನಿಗೆ ಗಾವುಂಡನೆಂದೂ, ಲೆಕ್ಕ ಬರೆಯುವವನಿಗೆ ಸೇನಬೋವನೆಂದೂ ಹೆಸರಿದ್ದವು. ಇವುಗಳಲ್ಲಿ ಕೊನೆಯ ಎರಡು ಹೆಸರುಗಳು ಗೌಡ ಮತ್ತು ಶಾನುಭೋಗ ಎಂಬ ರೂಪಗಳಲ್ಲಿ 20ನೇ ಶತಮಾನದವರೆಗೂ ಬಾಳಿದವು. ಮೇಲಿನ ಹಂತದ ಹೆಸರುಗಳು ಮಾತ್ರ ಅರಸೊತ್ತಿಗೆ ಬದಲಾದಂತೆಲ್ಲ ಬದಲಾಗುತ್ತ ಹೋದವು.

1565ರ ಯುದ್ಧದ ನಂತರ ವಿಜಯನಗರದ ಕೇಂದ್ರಶಕ್ತಿ ಕುಸಿದಾಗ ಈ ಭಾಗದಲ್ಲಿ ಅಧಿಕಾರವು ಪಾಳೇಗಾರರ ಕೈಗೆ ಬಂತು. ಪಾಳೇಗಾರನೆಂದರೆ ಮೇಲಿನ ದೊರೆಗೆ ಕಪ್ಪ ಮತ್ತು ಸೈನ್ಯವನ್ನು ಒದಗಿಸುತ್ತ, ತನ್ನ ಕೋಟೆಯ ಸುತ್ತಲ ಹಳ್ಳಿಗಳನ್ನು ತಾನೇ ಆಳುತ್ತಿದ್ದ ನಾಯಕ. ಹರಪನಹಳ್ಳಿಯ ನಾಯಕರು ಈ ಸೀಮೆಯ ಪ್ರಬಲರಲ್ಲಿ ಒಬ್ಬರಾಗಿದ್ದರು. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಮತ್ತು ಜರಿಮಲೆಗಳೂ ಪಾಳೇಗಾರರ ನೆಲೆಗಳೇ. ಇವರಲ್ಲಿ ತೆರಿಗೆ ಎತ್ತುವವನು, ನ್ಯಾಯ ಹೇಳುವವನು ಮತ್ತು ದಂಡು ಕಟ್ಟುವವನು ಒಬ್ಬನೇ ಆಗಿದ್ದನು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಪಾಳೇಗಾರರ ಬಲ ಕುಗ್ಗಿ, ಪರ್ಷಿಯನ್ ಮೂಲದ ಹುದ್ದೆಗಳ ಹೆಸರುಗಳು ಬಳಕೆಗೆ ಬಂದವು. ಟಿಪ್ಪುವಿನ ಆಡಳಿತದಲ್ಲಿ ಪ್ರಾಂತದ ಮುಖ್ಯಸ್ಥನಿಗೆ ಆಸಫನೆಂದೂ ಅವನ ಕೈಕೆಳಗಿನ ಅಧಿಕಾರಿಗೆ ಅಮಿಲನೆಂದೂ ಹೆಸರಿತ್ತು. ತಾಲೂಕಿನ ಮಟ್ಟದಲ್ಲಿ ಇಂದಿಗೂ ಉಳಿದಿರುವ ತಹಶೀಲ್ದಾರ್ ಎಂಬ ಪದವೂ ಇದೇ ಆಡಳಿತ ಪರಂಪರೆಯದು. ಅರಬ್ಬಿಯಲ್ಲಿ ತಹಶೀಲ್ ಎಂದರೆ ವಸೂಲಿ. ಹೀಗಾಗಿ ಕಂಪನಿಯ ಕಲೆಕ್ಟರ್ ಇಲ್ಲಿಗೆ ಬಂದಾಗ ಅವನ ಹೆಸರು ಹೊಸದಾಗಿದ್ದರೂ ಅದರ ಅರ್ಥ ಹೊಸದಾಗಿರಲಿಲ್ಲ. ಅವನೂ ಅವನ ಕೈಕೆಳಗಿನ ತಹಶೀಲ್ದಾರನೂ ಎರಡು ಭಾಷೆಗಳಲ್ಲಿ ಒಂದೇ ಹೆಸರನ್ನು ಹೊತ್ತವರಾಗಿದ್ದರು.

ಇಂಗ್ಲೆಂಡಿನಿಂದ ಬಂಗಾಳಕ್ಕೆ

ಲ್ಯಾಟಿನ್ ಭಾಷೆಯಲ್ಲಿ ಕೂಡಿಸು, ಒಟ್ಟುಮಾಡು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಕಲೆಕ್ಟರ್ ಪದವು ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದಲೂ ರಾಜನ ಅಥವಾ ಇಗರ್ಜಿಯ ಪರವಾಗಿ ಹಣ ಎತ್ತುವವನನ್ನು ಸೂಚಿಸುತ್ತಿತ್ತು. 1381ರಲ್ಲಿ ಅಲ್ಲಿನ ರೈತರು ದಂಗೆಯೆದ್ದದ್ದು ತಲೆಗಂದಾಯದ ವಸೂಲಿಗೆ ವಿರೋಧವಾಗಿ. ಬಂದರುಗಳಲ್ಲಿ ಸುಂಕ ಸಂಗ್ರಹಿಸುವ ಅಧಿಕಾರಿಗೂ ಇದೇ ಹೆಸರಿತ್ತು. ಅಂದರೆ ತನ್ನ ನಾಡಿನಲ್ಲಿ ಆ ಪದವು ಆಳುವವನನ್ನಲ್ಲ, ಆಳುವವನ ಕೆಲಸದವನನ್ನು ಹೇಳುತ್ತಿತ್ತು.

ಬಂಗಾಳದ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ದೊರೆತ ಮೇಲೆ ಈ ಸ್ಥಿತಿ ಬದಲಾಯಿತು. ಕಂಪನಿಯು 1769ರಲ್ಲಿ ಜಿಲ್ಲೆಗಳಿಗೆ ಮೇಲ್ವಿಚಾರಕರನ್ನು ನೇಮಿಸಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನ ಆಡಳಿತವು ಅವರಿಗೆ ಕಲೆಕ್ಟರ್ ಎಂಬ ಹೆಸರನ್ನು ಕೊಟ್ಟಿತು. ವ್ಯಾಪಾರದ ಕಂಪನಿಗೆ ರಾಜ್ಯವೆಂದರೆ ಮೊದಲು ವರಮಾನ, ಆಮೇಲೆ ಉಳಿದದ್ದು ಎಂಬ ದೃಷ್ಟಿಯು ಆ ಹೆಸರಿನ ಆಯ್ಕೆಯಲ್ಲೇ ಸ್ಪಷ್ಟವಾಗಿದೆ. 1793ರಲ್ಲಿ ಕಾರ್ನ್‌ವಾಲಿಸನು ಬಂಗಾಳದಲ್ಲಿ ಕಂದಾಯವನ್ನೂ ನ್ಯಾಯವನ್ನೂ ಬೇರ್ಪಡಿಸಿ, ಜಮೀನ್ದಾರರೊಡನೆ ಕಾಯಂ ಒಪ್ಪಂದ ಮಾಡಿಕೊಂಡು, ಕಲೆಕ್ಟರನನ್ನು ಮತ್ತೆ ಕೇವಲ ವಸೂಲಿಯ ಅಧಿಕಾರಿಯನ್ನಾಗಿ ಉಳಿಸಿದನು. ಈ ಪದವು ಇಂದು ನಮಗೆ ಪರಿಚಿತವಾಗಿರುವ ದೊಡ್ಡ ಅರ್ಥವನ್ನು ಪಡೆಯುವಲ್ಲಿ ಬಂಗಾಳಕ್ಕಿಂತ ಹೆಚ್ಚಿನ ಪಾತ್ರ ವಹಿಸಿದ್ದು ಮದ್ರಾಸ್ ಪ್ರಾಂತ, ಅದರಲ್ಲೂ ದತ್ತ ಮಂಡಲ.

ದತ್ತ ಮಂಡಲ ಮತ್ತು ಮನ್ರೊ

1792 ಮತ್ತು 1799ರ ಮೈಸೂರು ಯುದ್ಧಗಳ ನಂತರ ತನ್ನ ಪಾಲಿಗೆ ಬಂದಿದ್ದ ಪ್ರದೇಶವನ್ನು ಹೈದರಾಬಾದಿನ ನಿಜಾಮನು 1800ರ ಅಕ್ಟೋಬರ್ 12ರ ಒಪ್ಪಂದದ ಮೂಲಕ ಕಂಪನಿಗೆ ಬಿಟ್ಟುಕೊಟ್ಟನು. ತನ್ನ ರಾಜ್ಯದಲ್ಲಿ ನೆಲೆಗೊಂಡಿದ್ದ ಕಂಪನಿಯ ಸೈನ್ಯದ ಖರ್ಚಿಗೆ ಬದಲಾಗಿ ಕೊಟ್ಟದ್ದರಿಂದ ಅದಕ್ಕೆ ಬಿಟ್ಟುಕೊಟ್ಟ ಜಿಲ್ಲೆಗಳು, ಅಂದರೆ ದತ್ತ ಮಂಡಲ, ಎಂಬ ಹೆಸರಾಯಿತು. ಇಂದಿನ ಬಳ್ಳಾರಿ, ವಿಜಯನಗರ, ಅನಂತಪುರ ಮತ್ತು ಕಡಪ ಸೀಮೆಗಳು ಹಾಗೂ ಕರ್ನೂಲಿನ ಭಾಗಗಳು ಇದರಲ್ಲಿ ಸೇರಿದ್ದವು. ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಸಹಾಯಕನಾಗಿ, ಅನಂತರ ಕೆನರಾದ ಕಲೆಕ್ಟರನಾಗಿ ಅನುಭವ ಪಡೆದಿದ್ದ ಥಾಮಸ್ ಮನ್ರೊ ಈ ವಿಶಾಲ ಪ್ರದೇಶದ ಪ್ರಧಾನ ಕಲೆಕ್ಟರನಾಗಿ ಬಂದನು. ಅವನ ಕೈಕೆಳಗೆ ನಾಲ್ವರು ಉಪ ಕಲೆಕ್ಟರುಗಳಿದ್ದರು.

ಆಗ ಇಲ್ಲಿ ಸುಮಾರು 80 ಪಾಳೇಗಾರರು ಸಾವಿರಾರು ಶಸ್ತ್ರಧಾರಿ ಅನುಚರರೊಡನೆ ಇದ್ದರು. ಅವರ ಪಡೆಗಳನ್ನು ಚದುರಿಸಿ, ಕೆಲವರಿಗೆ ಉಂಬಳಿ ಅಥವಾ ವರ್ಷಾಶನ ಗೊತ್ತುಮಾಡಿ, ಒಪ್ಪದವರನ್ನು ಸೈನ್ಯದ ಬಲದಿಂದ ಅಡಗಿಸಿದ ಮೇಲೆ, ಪಾಳೇಗಾರನ ಕೋಟೆ ಮತ್ತು ರೈತನ ಹೊಲದ ನಡುವೆ ಇದ್ದ ಸಂಬಂಧ ಕಡಿದುಹೋಯಿತು. ಆ ಜಾಗವನ್ನು ತುಂಬಿದವನು ಕಲೆಕ್ಟರ್. ಪಾಳೇಗಾರನಲ್ಲಿ ಕೂಡಿಕೊಂಡಿದ್ದ ಅಧಿಕಾರಗಳೆಲ್ಲ ಮುಂದೆ ಕ್ರಮವಾಗಿ ಕಲೆಕ್ಟರನಲ್ಲಿ ಬಂದು ಸೇರಿದ್ದನ್ನು ಗಮನಿಸಿದರೆ, ಈ ಪದದ ಹಿಗ್ಗುವಿಕೆಗೆ ಇಂಗ್ಲೆಂಡಿನ ಕಾನೂನಿಗಿಂತ ಇಲ್ಲಿನ ಹಳೆಯ ಅಧಿಕಾರದ ಮಾದರಿಯೇ ಹೆಚ್ಚು ಕಾರಣವೆಂದು ಹೇಳಬೇಕಾಗುತ್ತದೆ. ಹಳ್ಳಿಯ ಜನ ತೆರಿಗೆ ಎತ್ತುವವನಿಂದಲೇ ನ್ಯಾಯವನ್ನೂ ರಕ್ಷಣೆಯನ್ನೂ ಅಪೇಕ್ಷಿಸುವ ರೂಢಿಯಲ್ಲಿದ್ದರು. ಬಂದವನು ಯಾರೇ ಆಗಿರಲಿ, ಅಪೇಕ್ಷೆ ಮಾತ್ರ ಅದೇ ಆಗಿತ್ತು.

ಮೂವತ್ತಮೂರು ಅಡಿಯ ಸರಪಳಿ

ಮನ್ರೊ ಜಾರಿಗೆ ತಂದ ರೈತವಾರಿ ಪದ್ಧತಿಯೆಂದರೆ, ಜಮೀನ್ದಾರನನ್ನಾಗಲಿ ಗುತ್ತಿಗೆದಾರನನ್ನಾಗಲಿ ನಡುವೆ ಇಟ್ಟುಕೊಳ್ಳದೆ, ಸರಕಾರವು ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಪಡಿಸಿ ಅವನಿಗೆ ಪಟ್ಟಾ ಕೊಡುವ ವ್ಯವಸ್ಥೆ. ಇದಕ್ಕೆ ಪ್ರತಿ ಹೊಲದ ಅಳತೆ ಬೇಕಾಗಿತ್ತು. 1802ರಲ್ಲಿ ಆರಂಭವಾದ ಮೋಜಣಿಯಲ್ಲಿ 33 ಅಡಿ ಉದ್ದದ ಸರಪಳಿಯನ್ನು ಬಳಸಲಾಯಿತು. ಈ ಸರಪಳಿಯಷ್ಟೇ ಉದ್ದ ಮತ್ತು ಅಗಲದ ಚೌಕವು 1089 ಚದರ ಅಡಿಯಾಗುತ್ತದೆ. ಅಂತಹ 40 ಚೌಕಗಳು ಸೇರಿದರೆ ಒಂದು ಎಕರೆ. ಇಂದು ಪಹಣಿಯಲ್ಲಿ ಎಕರೆಯ ಪಕ್ಕದ ಅಂಕಣದಲ್ಲಿ ಬರೆಯುವ ಗುಂಟೆಯೆಂಬುದು ಇದೇ ಅಳತೆ. ಅಳತೆಗಾರರ ಹಿಂದೆಯೇ ಬಂದ ಮೌಲ್ಯಮಾಪಕರು ಎರೆ, ಮಸಾರಿ, ತರಿ, ಬಾಗಾಯ್ತು ಎಂದು ಮಣ್ಣಿನ ದರ್ಜೆ ಕಟ್ಟಿ ಕಂದಾಯದ ದರ ಬರೆದರು. ಊರಿನ ಗೌಡ, ಶಾನುಭೋಗ ಮತ್ತು ಹಿರಿಯ ರೈತರ ಎದುರಿನಲ್ಲಿ ಆ ದರದ ತಕರಾರು ನಡೆಯಿತು.

ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತಿತ್ತು. ಜಮಾಬಂದಿಯೆಂದರೆ ಆ ವರ್ಷ ಯಾವ ರೈತ ಎಷ್ಟು ನೆಲ ಬಿತ್ತಿದ್ದಾನೆ, ಎಷ್ಟು ಬೀಳು ಬಿಟ್ಟಿದ್ದಾನೆ, ಎಷ್ಟು ಕೊಡಬೇಕು ಎಂಬುದನ್ನು ಹಳ್ಳಿಹಳ್ಳಿಯ ಲೆಕ್ಕ ನೋಡಿ ಇತ್ಯರ್ಥಪಡಿಸುವ ಕ್ರಮ. ಮನ್ರೊ ವರ್ಷದ ಬಹುಭಾಗವನ್ನು ಡೇರೆಗಳಲ್ಲೇ ಕಳೆದು ಸಂಚರಿಸಿದ್ದು ಈ ಕಾರಣಕ್ಕಾಗಿ. ಕಲೆಕ್ಟರ್ ಎಂಬವನು ದೂರದ ಪಟ್ಟಣದಲ್ಲಿ ಕುಳಿತ ದೊರೆಯಲ್ಲ, ಊರ ಹೊರಗಿನ ತೋಪಿನಲ್ಲಿ ಡೇರೆ ಹಾಕಿ ಹೊಲದ ತಕರಾರು ಕೇಳುವವನು ಎಂಬ ಭಾವನೆ ಬೆಳೆದದ್ದು ಈ ಸಂಚಾರಗಳಿಂದ. ದತ್ತ ಮಂಡಲದಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರೆಂಬ ಪರಂಪರಾಗತ ಮಾತು ಈ ಭಾವನೆಯ ಆಳವನ್ನು ಸೂಚಿಸುತ್ತದೆ.

ಆದರೆ ಕಂದಾಯದ ದರ ಭಾರವಾಗಿತ್ತೆಂಬುದನ್ನು ಸ್ವತಃ ಮನ್ರೊ ಒಪ್ಪಿಕೊಂಡಿದ್ದನು. 1807ರಲ್ಲಿ ಹೊರಡುವಾಗ ಅವನು ಖುಷ್ಕಿ ಮತ್ತು ತರಿ ಭೂಮಿಯ ದರವನ್ನು ಶೇಕಡ 25ರಷ್ಟು ಇಳಿಸಬೇಕೆಂದು ಸೂಚಿಸಿದನು. ಸರಕಾರ ಅದನ್ನು ಒಪ್ಪಲಿಲ್ಲ. 1808ರಲ್ಲಿ ದತ್ತ ಮಂಡಲವು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ಒಡೆಯಿತು. ಆ ಕಾಲದಲ್ಲೇ ರೈತವಾರಿಯನ್ನು ಕೈಬಿಟ್ಟು ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಬಳಿಕ ಹತ್ತು ವರ್ಷಕ್ಕೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆ ಹಿಡಿದವರಲ್ಲಿ ಅನೇಕರು ನಷ್ಟಕ್ಕೆ ಸಿಲುಕಿದರು, ರೈತರು ಅವರ ಕೈಯಲ್ಲಿ ಬಳಲಿದರು. 1818ರಲ್ಲಿ ರೈತವಾರಿ ಮರಳಿತು. 1820ರಲ್ಲಿ ಮದ್ರಾಸಿನ ಗವರ್ನರನಾಗಿ ಬಂದ ಮನ್ರೊ ತಾನು ಹಿಂದೆ ಸೂಚಿಸಿದ್ದ ಇಳಿಕೆಯನ್ನು ತಾನೇ ಜಾರಿಗೊಳಿಸಿದನು. 1827ರ ಜುಲೈ 6ರಂದು ದತ್ತ ಮಂಡಲದ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು.

ದಂಡದ ಅಧಿಕಾರ ಮತ್ತು ಅದರ ನೆರಳು

1816ರ ಮದ್ರಾಸ್ ನಿಯಮಗಳು ಕಲೆಕ್ಟರ್ ಪದದ ಅರ್ಥವನ್ನು ನಿರ್ಣಾಯಕವಾಗಿ ಹಿಗ್ಗಿಸಿದವು. ಮನ್ರೊ ನೇತೃತ್ವದ ಆಯೋಗದ ಸಲಹೆಯಂತೆ ಮ್ಯಾಜಿಸ್ಟ್ರೇಟ್ ಅಧಿಕಾರ ಮತ್ತು ಪೊಲೀಸ್ ಮೇಲ್ವಿಚಾರಣೆ ಕಲೆಕ್ಟರನ ಕೈಗೆ ಬಂದವು. ತಾಲೂಕಿನಲ್ಲಿ ತಹಶೀಲ್ದಾರನೂ ಊರಿನಲ್ಲಿ ಗೌಡನೂ ಇದೇ ಬಗೆಯ ಎರಡು ಹೊಣೆಗಳನ್ನು ಹೊತ್ತರು. ಕಂದಾಯ ಎತ್ತುವವನೇ ಶಿಕ್ಷೆಯನ್ನೂ ವಿಧಿಸಬಲ್ಲವನಾದಾಗ ವಸೂಲಿ ಎಂಬ ಮಾತಿಗೆ ಭಯ ಸೇರಿಕೊಂಡಿತು. ತುಂಗಭದ್ರೆಯ ಆಚೆ ಧಾರವಾಡದಲ್ಲಿ ಪ್ರಧಾನ ಕಲೆಕ್ಟರನೂ ರಾಜಕೀಯ ಪ್ರತಿನಿಧಿಯೂ ಆಗಿದ್ದ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಹತನಾದ ಘಟನೆಯಲ್ಲಿ, ಸಂಸ್ಥಾನದ ಉತ್ತರಾಧಿಕಾರವನ್ನು ನಿರ್ಣಯಿಸಲು ಹೊರಟ ಕಲೆಕ್ಟರನನ್ನು ಕನ್ನಡ ನಾಡು ಹೇಗೆ ಎದುರಿಸಿತೆಂಬುದು ಕಾಣುತ್ತದೆ.

ಭಯದ ದಿನನಿತ್ಯದ ರೂಪ ಇನ್ನೂ ಕ್ರೂರವಾಗಿತ್ತು. ಕಂದಾಯ ಬಾಕಿ ಉಳಿಸಿಕೊಂಡ ರೈತರನ್ನು ಕೆಳದರ್ಜೆಯ ಕಂದಾಯ ನೌಕರರು ಬಿಸಿಲಿನಲ್ಲಿ ಬಗ್ಗಿಸಿ ಕಟ್ಟಿ ನಿಲ್ಲಿಸುವುದು, ಬೆರಳುಗಳನ್ನು ಕಟ್ಟಿಗೆಯ ನಡುವೆ ಸಿಕ್ಕಿಸಿ ಹಿಂಡುವುದು ಮುಂತಾದ ಹಿಂಸೆಗಳಿಗೆ ಗುರಿಪಡಿಸುತ್ತಿದ್ದರೆಂಬುದನ್ನು 1855ರಲ್ಲಿ ವರದಿ ಸಲ್ಲಿಸಿದ ಮದ್ರಾಸ್ ಹಿಂಸಾ ತನಿಖಾ ಆಯೋಗ ದಾಖಲಿಸಿತು. ಈ ವರದಿಯ ನಂತರ, 1859ರ ಕಾಯಿದೆಯ ಮೂಲಕ ಪ್ರಾಂತಕ್ಕೆ ಪ್ರತ್ಯೇಕ ಪೊಲೀಸ್ ಇಲಾಖೆ ಸ್ಥಾಪನೆಯಾಗಿ, ತಹಶೀಲ್ದಾರರ ಕೈಯಿಂದ ಪೊಲೀಸ್ ಅಧಿಕಾರ ತಪ್ಪಿತು. ಹೀಗೆ ಪದಕ್ಕೆ ಸೇರಿದ್ದ ಒಂದು ಅರ್ಥವನ್ನು ಮೊದಲ ಬಾರಿಗೆ ಕತ್ತರಿಸಿ ತೆಗೆಯುವಂತೆ ಮಾಡಿದ್ದು ನೊಂದ ರೈತರ ದೂರುಗಳು.

ಬರಗಾಲ ಬದಲಿಸಿದ ಹುದ್ದೆ

1876ರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಎರಡು ವರ್ಷಗಳಲ್ಲಿ ದಕ್ಷಿಣ ಭಾರತವನ್ನು ಆವರಿಸಿದ ಭೀಕರ ಕ್ಷಾಮಕ್ಕೆ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಬಲಿಯಾದ ಸೀಮೆಗಳಲ್ಲಿ ಒಂದು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. ಕಲೆಕ್ಟರ್, ತಹಶೀಲ್ದಾರ್ ಮತ್ತು ಹಳ್ಳಿಯ ನೌಕರರ ಸಾಲು ಈವರೆಗೆ ಹಳ್ಳಿಯಿಂದ ಹಣವನ್ನು ಮೇಲಕ್ಕೆ ಸಾಗಿಸುತ್ತಿತ್ತು. ಈಗ ಅದೇ ಸಾಲಿನ ಮೂಲಕ ಕೂಲಿಯನ್ನೂ ಕಾಳನ್ನೂ ಕೆಳಕ್ಕೆ ಸಾಗಿಸಬೇಕಾಯಿತು. ರಸ್ತೆ ಮತ್ತು ಕೆರೆಗಳ ಕಾಮಗಾರಿಗಳಲ್ಲಿ ಹಸಿದವರ ಗುಂಪುಗಳು ಸೇರಿದವು. ದುಡಿಯಲಾರದವರಿಗೆ ಗಂಜಿಯ ಶಿಬಿರಗಳು ತೆರೆದವು. 1877ರ ಜನವರಿಯಲ್ಲಿ ಖರ್ಚು ತಗ್ಗಿಸಲೆಂದು ಭಾರತ ಸರಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ವಯಸ್ಕ ಕೂಲಿಯಾಳಿನ ದಿನದ ಪಾಲನ್ನು ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯ ಮತ್ತು ಮೇಲೆ ಅಲ್ಪ ಹಣಕ್ಕೆ ಇಳಿಸಿದನು. ದಿನವಿಡೀ ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದ ಮೇಲೆ ಆ ವರ್ಷದ ಮಧ್ಯದಲ್ಲಿ ಪ್ರಮಾಣ ಹೆಚ್ಚಿತು. ಅಷ್ಟರಲ್ಲಿ ಅಸಂಖ್ಯ ಜನ ಸತ್ತಿದ್ದರು.

ಈ ದುರಂತದ ತರುವಾಯ 1880ರ ಕ್ಷಾಮ ಆಯೋಗ ಮತ್ತು ಅದರ ಬೆನ್ನಿಗೆ ಬಂದ ಕ್ಷಾಮ ಸಂಹಿತೆಗಳು ಬರಗಾಲದ ಲಕ್ಷಣಗಳನ್ನು ಗುರುತಿಸಿ ಪರಿಹಾರ ಕಾಮಗಾರಿ ಆರಂಭಿಸುವುದನ್ನು ಜಿಲ್ಲಾಡಳಿತದ ಲಿಖಿತ ಕರ್ತವ್ಯವನ್ನಾಗಿಸಿದವು. 1883 ಮತ್ತು 1884ರ ಸಾಲದ ಕಾಯಿದೆಗಳು ಬಾವಿ ತೋಡಲು, ಬೀಜ ಮತ್ತು ಎತ್ತು ಕೊಳ್ಳಲು ರೈತನಿಗೆ ಸರಕಾರದಿಂದ ತಕಾವಿ, ಅಂದರೆ ಬೇಸಾಯದ ಮುಂಗಡ ಸಾಲ, ಕೊಡುವ ದಾರಿಯನ್ನು ಸ್ಪಷ್ಟಗೊಳಿಸಿದವು. ಎತ್ತುವವನು ಕೊಡುವವನೂ ಆದದ್ದು ಹೀಗೆ. ಈ ಐದು ತಾಲೂಕುಗಳಂಥ ಒಣಬೇಸಾಯದ ಸೀಮೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಬರ ಬಿದ್ದ ವರ್ಷ ರೈತನು ಕಚೇರಿಗೆ ಹೋಗುವುದು ಕಿಸ್ತು ಕಟ್ಟುವುದಕ್ಕಲ್ಲ, ಕಿಸ್ತಿನ ಮಾಫಿ ಕೇಳುವುದಕ್ಕೆ ಎಂಬ ರೂಢಿ ಅಂದಿನಿಂದ ಗಟ್ಟಿಯಾಯಿತು.

ಅಕ್ಕಪಕ್ಕದ ಹೆಸರುಗಳು, 1953ರ ತಿರುವು

1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾದ ಮೇಲೆ ಬಳ್ಳಾರಿಯ ಪಶ್ಚಿಮ ಭಾಗದಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳು ಉಳಿದವು. ಈ ತಾಲೂಕುಗಳ ಸುತ್ತ ಒಂದೇ ಅಧಿಕಾರಕ್ಕೆ ಬೇರೆ ಬೇರೆ ಹೆಸರುಗಳಿದ್ದವು. ಹಡಗಲಿಯಿಂದ ಹೊಳೆ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಅಲ್ಲಿ ಕಲೆಕ್ಟರನ ಕೈಕೆಳಗೆ ಮಾಮಲೇದಾರ. ಈಶಾನ್ಯದಲ್ಲಿ ಹೊಳೆಯಾಚೆ ನಿಜಾಮನ ರಾಜ್ಯ. ಅಲ್ಲಿ ಜಿಲ್ಲೆಯ ಮುಖ್ಯಸ್ಥನು ಅವ್ವಲ್ ತಾಲೂಕ್ದಾರ. ದಕ್ಷಿಣಕ್ಕೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಅಲ್ಲಿ ಡೆಪ್ಯುಟಿ ಕಮಿಷನರ್ ಮತ್ತು ಅವನ ಕೈಕೆಳಗೆ ಅಮಲ್ದಾರ. ಮೈಸೂರಿನಲ್ಲಿ ಕಮಿಷನರರ ಆಳ್ವಿಕೆ 1831ರಿಂದ 1881ರವರೆಗೆ ನಡೆದು, ಜಿಲ್ಲೆಗಳಿಗೆ ಉಪ ಕಮಿಷನರರು ಬಂದದ್ದರಿಂದ ಆ ಹೆಸರು ಅಲ್ಲಿ ನಿಂತಿತ್ತು. ಬಂಧುತ್ವ, ಸಂತೆ ಮತ್ತು ಜಾತ್ರೆಗಳಿಗಾಗಿ ಈ ಗಡಿಗಳನ್ನು ಸದಾ ದಾಟುತ್ತಿದ್ದ ಕನ್ನಡಿಗರು ನಾಲ್ಕು ದಿಕ್ಕಿನಲ್ಲಿ ನಾಲ್ಕು ಬಗೆಯ ಕಚೇರಿಗಳನ್ನು ಕಂಡವರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು ಮತ್ತು ರಾಯದುರ್ಗ ತಾಲೂಕುಗಳು ಆ ರಾಜ್ಯಕ್ಕೆ ಹೋಗಿ, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಮದ್ರಾಸಿನ ಕಲೆಕ್ಟರ್ ಮೈಸೂರಿನ ಡೆಪ್ಯುಟಿ ಕಮಿಷನರ್ ಆದದ್ದು ಈ ವಿಲೀನದಿಂದ. 1964ರ ಭೂಕಂದಾಯ ಕಾಯಿದೆಯು ಏಕೀಕೃತ ರಾಜ್ಯದ ಎಲ್ಲ ಭಾಗಗಳಿಗೂ ಒಂದೇ ವ್ಯವಸ್ಥೆ ತಂದಾಗ ಜಿಲ್ಲೆಯ ಮಟ್ಟದಲ್ಲಿ ಮೈಸೂರಿನ ಹೆಸರೂ, ತಾಲೂಕಿನ ಮಟ್ಟದಲ್ಲಿ ಮದ್ರಾಸಿನ ಮತ್ತು ಹೈದರಾಬಾದಿನ ತಹಶೀಲ್ದಾರ್ ಎಂಬ ಹೆಸರೂ ನಿಂತವು. ಅದಕ್ಕೂ ಮೊದಲೇ 1961ರ ಕಾಯಿದೆ ಗೌಡ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸಿತ್ತು. ಬರಹದ ಕನ್ನಡದಲ್ಲಿ ಜಿಲ್ಲಾಧಿಕಾರಿ, ಕಚೇರಿಯ ಬಳಕೆಯಲ್ಲಿ ಡಿಸಿ ಎಂಬ ರೂಪಗಳು ನೆಲೆಯಾದರೂ ಹಳ್ಳಿಯ ಮಾತಿನಲ್ಲಿ ಕಲೆಕ್ಟರ್ ಅಳಿಯಲಿಲ್ಲ. ದರ್ಪ ತೋರಿಸುವವನಿಗೆ ನೀನೇನು ದೊಡ್ಡ ಕಲೆಕ್ಟರೇನು ಎಂದು ಕೇಳುವ ಬಾಯಲ್ಲೇ, ಓದುವ ಮಗಳಿಗೆ ಕಲೆಕ್ಟರ್ ಆಗು ಎಂದು ಹರಸುವ ಮಾತೂ ಬರುತ್ತದೆ.

ನೆಲ ಪಡೆದವನು, ನೆಲ ಕೊಟ್ಟವನು

20ನೇ ಶತಮಾನದ ನಡುಭಾಗದಲ್ಲಿ ಈ ಸೀಮೆಯ ಜನ ಕಲೆಕ್ಟರ್ ಪದವನ್ನು ಅತ್ಯಂತ ನೋವಿನಿಂದ ಎದುರುಗೊಂಡದ್ದು ತುಂಗಭದ್ರಾ ಜಲಾಶಯದ ಸಂದರ್ಭದಲ್ಲಿ. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನ ಹಿನ್ನೀರು ನದಿದಂಡೆಯ ಹತ್ತಾರು ಹಳ್ಳಿಗಳನ್ನು ಮುಳುಗಿಸಿತು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಜಮೀನಿನ ಬೆಲೆ ನಿರ್ಣಯಿಸಿ ಪರಿಹಾರದ ಐತೀರ್ಪು ಕೊಡುವ ಅಧಿಕಾರಿಗೆ, ಅವನು ಯಾವ ದರ್ಜೆಯವನೇ ಆಗಿರಲಿ, ಕಲೆಕ್ಟರ್ ಎಂದೇ ಹೆಸರಿತ್ತು. ಕಂದಾಯವನ್ನು ಕೂಡಿಸುತ್ತಿದ್ದ ಪದವು ಇಲ್ಲಿ ನೆಲವನ್ನೇ ಪಡೆದುಕೊಂಡಿತು.

ಇದಕ್ಕೆ ಪ್ರತಿಯಾದ ಚಲನೆ 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಕಾಣುತ್ತದೆ. ಗೇಣಿದಾರರ ಅರ್ಜಿಗಳನ್ನು ವಿಚಾರಿಸಿ ಉಳುವವನ ಹೆಸರಿಗೆ ನೆಲವನ್ನು ಮಾಡಿಕೊಡಲು ತಾಲೂಕುಗಳಲ್ಲಿ ರಚನೆಯಾದ ಭೂ ನ್ಯಾಯಮಂಡಳಿಗಳಿಗೆ ಅಸಿಸ್ಟೆಂಟ್ ಕಮಿಷನರ್ ದರ್ಜೆಯ ಕಂದಾಯಾಧಿಕಾರಿಗಳು ಅಧ್ಯಕ್ಷರಾದರು. ಅದೇ ವರ್ಷ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಜಿಲ್ಲಾಡಳಿತದಿಂದ ಸಂಪೂರ್ಣವಾಗಿ ಬೇರ್ಪಡಿಸಿತು; 1816ರಲ್ಲಿ ಕೂಡಿಕೊಂಡದ್ದು ಹೀಗೆ ಕಳಚಿಬಿತ್ತು. 1987ರಲ್ಲಿ ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಕಾರ್ಯಾರಂಭ ಮಾಡಿದ ಜಿಲ್ಲಾ ಪರಿಷತ್ತುಗಳು ಅಭಿವೃದ್ಧಿಯ ಹೊಣೆಯನ್ನು ಚುನಾಯಿತ ಪ್ರತಿನಿಧಿಗಳಿಗೆ ವಹಿಸಿ, ಜಿಲ್ಲಾಧಿಕಾರಿಯನ್ನು ಜಿಲ್ಲೆಯ ಏಕೈಕ ದೊರೆಯೆಂಬ ಸ್ಥಾನದಿಂದ ಕೆಳಗಿಳಿಸಿದವು. ಮೂಲಾರ್ಥದ ವಸೂಲಿ ಇಂದು ಅತ್ಯಂತ ಕೆಳಗಿನ ಹಂತದಲ್ಲಿ ಉಳಿದುಕೊಂಡಿದೆ: ಗ್ರಾಮ ಪಂಚಾಯಿತಿಯಲ್ಲಿ ಮನೆ ಕಂದಾಯ ಮತ್ತು ನೀರಿನ ತೆರಿಗೆ ಎತ್ತುವ ನೌಕರನು ಬಿಲ್ ಕಲೆಕ್ಟರ್.

ಹತ್ತಿರದ ಕಚೇರಿಗಾಗಿ

ಈ ತಾಲೂಕುಗಳ ಇತ್ತೀಚಿನ ಚರಿತ್ರೆಯೆಂದರೆ ಜಿಲ್ಲಾಧಿಕಾರಿಯ ಕಚೇರಿ ಎಲ್ಲಿರಬೇಕೆಂಬ ಹೋರಾಟದ ಚರಿತ್ರೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಲಾಯಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ಕೊಡುವ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದಾಗ, ಬಳ್ಳಾರಿಯಿಂದ ಹೊರಗಿದ್ದ ಒಂದೇ ಕಾರಣಕ್ಕೆ ಹರಪನಹಳ್ಳಿ ಆ ಸೌಲಭ್ಯದಿಂದ ವಂಚಿತವಾಯಿತು. ದೀರ್ಘ ಹೋರಾಟದ ಬಳಿಕ 2018ರಲ್ಲಿ ತಾಲೂಕನ್ನು ಬಳ್ಳಾರಿಗೆ ಮರಳಿಸುವ ತೀರ್ಮಾನವಾಯಿತು. 2017ರ ಬಜೆಟ್ಟಿನಲ್ಲಿ ಘೋಷಿತವಾದ ಹೊಸ ತಾಲೂಕುಗಳ ಸಾಲಿನಲ್ಲಿ ಕೊಟ್ಟೂರು ಸೇರಿತು. 2021ರ ಫೆಬ್ರುವರಿ 8ರ ಅಧಿಸೂಚನೆಯಿಂದ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡ ವಿಜಯನಗರವು ರಾಜ್ಯದ 31ನೆಯ ಜಿಲ್ಲೆಯಾಯಿತು. ಆ ವರ್ಷದ ಅಕ್ಟೋಬರ್ 2ರಂದು ಅದರ ಉದ್ಘಾಟನೆ ನಡೆಯಿತು. ದೂರದ ಬಳ್ಳಾರಿಗೆ ಹೋಗಿ ಬರುವ ಖರ್ಚು ಮತ್ತು ದಿನಗೂಲಿಯ ನಷ್ಟವನ್ನು ತಲೆಮಾರುಗಳಿಂದ ಹೊತ್ತಿದ್ದ ಜನ ಹೊಸ ಜಿಲ್ಲೆಯನ್ನು ಬಯಸಿದ್ದರ ಹಿಂದೆ ಆಡಳಿತವನ್ನು ಹತ್ತಿರಕ್ಕೆ ತಂದುಕೊಳ್ಳುವ ಸ್ಪಷ್ಟ ಉದ್ದೇಶವಿತ್ತು.

ಒಂದು ಕಾಲದಲ್ಲಿ ಕಲೆಕ್ಟರನ ಡೇರೆ ಊರಿಗೆ ಹತ್ತಿರ ಬಂತೆಂದರೆ ಬಾಕಿದಾರರು ಹೆದರುತ್ತಿದ್ದರು. ಇಂದು ಅದೇ ಕಚೇರಿ ತಮ್ಮ ಊರಿಗೆ ಹತ್ತಿರವಿರಲೆಂದು ಜನ ಧರಣಿ ಕೂರುತ್ತಾರೆ. ಬೆಳೆ ಪರಿಹಾರ, ಪಹಣಿಯ ತಿದ್ದುಪಡಿ, ಪಿಂಚಣಿ, ಸ್ಮಶಾನದ ಜಾಗ, ಕುಡಿಯುವ ನೀರು ಹೀಗೆ ಅಹವಾಲುಗಳ ಪಟ್ಟಿ ಬೆಳೆದಂತೆಲ್ಲ ಹುದ್ದೆಯ ಅರ್ಥವೂ ಬೆಳೆದಿದೆ. ಹಿಂಸೆಯ ವಿರುದ್ಧ ದೂರು ಕೊಟ್ಟ ರೈತರು ಅದರಿಂದ ಪೊಲೀಸ್ ಅಧಿಕಾರವನ್ನು ಬಿಡಿಸಿದರು. ಬರದಲ್ಲಿ ಸತ್ತವರು ಅದಕ್ಕೆ ಪೋಷಣೆಯ ಕರ್ತವ್ಯವನ್ನು ಹೊರಿಸಿದರು. ಗೇಣಿದಾರರು ಅದರ ಕೈಯಿಂದ ಪಟ್ಟಾ ಪಡೆದರು. ಹರಪನಹಳ್ಳಿಯವರು ಅದರ ಗಡಿಯನ್ನೇ ಬದಲಿಸಿದರು. ಹೆಸರನ್ನು ಕೊಟ್ಟದ್ದು ಕಂಪನಿಯಾದರೂ ಅದರೊಳಗೆ ಕರ್ತವ್ಯವನ್ನು ತುಂಬಿದವರು ಈ ನೆಲದ ಜನ. ಆದ್ದರಿಂದ ಕಲೆಕ್ಟರ್ ಪದದ ಚರಿತ್ರೆಯನ್ನು ವಸಾಹತುಶಾಹಿಯ ಉಳಿಕೆಯೆಂದಷ್ಟೇ ಓದಿದರೆ ಸಾಲದು. ಅಧಿಕಾರವನ್ನು ಪ್ರಶ್ನಿಸಿ, ಬೇಡಿ, ಬಗ್ಗಿಸಿ ತಮ್ಮ ಕೆಲಸಕ್ಕೆ ಹಚ್ಚಿಕೊಂಡ ಒಣಸೀಮೆಯ ರೈತರ ಎರಡು ಶತಮಾನಗಳ ಸಾಧನೆಯೆಂದೂ ಅದನ್ನು ಓದಬೇಕು.